ಕ್ಲೀನರ್ ಸೀಟು

ಎರಡನೇ ಸಲ ಕುರ್ಚಿ ಬಿಟ್ಟು ಏಳಬೇಕಾಗಿ ಬಂದಾಗ ಅಂಜಿನಿ ಹಾಗೇ ಗೇಟಿನ ಕಡೆ ನಡೆದುಬಿಡಬೇಕಿತ್ತು. ನಡೆಯಲಿಲ್ಲ. ಮೊದಲು ಕೂತಿದ್ದು ಎರಡನೇ ಸಾಲಿನ ನಡುವೆ. ಅಲ್ಲೇ ಕುಂದ್ರಬೇಕು ನೋಡಲೇ, ಬ್ಯಾರೆ ಕಡೆ ಕುಂತರ ನೀ ನನಗ ಕಾಣಂಗಿಲ್ಲ ಎಂದು ಇವತ್ತು ಇಲ್ಲಿ ಹಾಡಲಿದ್ದ ಗೆಳೆಯ ಪಂಪೇಶ ವಾರದಿಂದ ಫೋನಿನಲ್ಲಿ ತಲೆ ತಿಂದಿದ್ದ. ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಕ್ಲಬ್ಬಿನ ಸೆಕ್ರೆಟರಿ ಪ್ರಭಂಜನ ಬಂದು, 'ಸ್ವಲ್ಪ ಹಿಂದ ಬರ್ರಿ, ಇಲ್ಲಿ ಫ್ಯಾಮಿಲಿ ಐತಿ' ಅಂದ. ನಗುತ್ತಲೇ ಅಂದ. ನಕ್ಕು ಎಬ್ಬಿಸುವವರ ಮೇಲೆ ಸಿಟ್ಟು ಮಾಡುವುದು ಹೇಗೆಂದು ಅಂಜಿನಿಗೆ ಯಾರೂ ಕಲಿಸಿರಲಿಲ್ಲ. ತನ್ನ ಟೈರ್ ಅಂಗಡಿಯಲ್ಲಾದರೆ ಕೈಯಲ್ಲಿ ಜಾಕ್ ರಾಡ್ ಇರುತ್ತಿತ್ತು, ಗಿರಾಕಿ ಒಂದು ಮಾತು ಮೇಲೆ ಆಡಿದರೆ ರಾಡನ್ನು ಸುಮ್ಮನೆ ನೆಲಕ್ಕೆ ಬಿಟ್ಟು ಸದ್ದು ಮಾಡಬಹುದಿತ್ತು. ಇಲ್ಲಿ ಕೈಯಲ್ಲಿ ಕಾಗದದ ಪಟ್ಟಿ, ಗೇಟಿನಲ್ಲಿ ವಾಚ್‌ಮನ್ ಮಣಿಕಟ್ಟಿಗೆ ಅಂಟಿಸಿ ಕಳಿಸಿದ್ದು. ನಾಲ್ಕನೇ ಸಾಲಿನಿಂದಲೂ ಎದ್ದ. ಈಗ ಬದಿಯಲ್ಲಿ, ಆಳೆತ್ತರದ ಸ್ಪೀಕರಿನ ಪಕ್ಕ, ಅರ್ಧ ವೇದಿಕೆ ಮಾತ್ರ ಕಾಣುವ ಜಾಗ. ಎಡಗಡೆಯ ತುದಿ. ಕೂತ ಮೇಲೆ ಇದು ತನಗೆ ಗೊತ್ತಿರುವ ಜಾಗವೇ ಅನ್ನಿಸಿತು. ಯಾಕೆ ಅನ್ನುವುದು ಹೊಳೆಯಲಿಲ್ಲ.

ಕಾಲುವೆ ಪಕ್ಕದ ಈ ಕ್ಲಬ್ಬಿನ ಕಾಂಪೌಂಡನ್ನು ಹೊರಗಿನಿಂದ ಹುಟ್ಟಿದಾಗಿನಿಂದ ನೋಡಿದ್ದ. ಒಳಗೆ ಹುಲ್ಲು ಇಷ್ಟು ಹಸಿರಾಗಿರುತ್ತದೆಂದು ಗೊತ್ತಿರಲಿಲ್ಲ. ಗಿಡಗಳಿಗೆಲ್ಲ ಸಣ್ಣ ಸಣ್ಣ ಬಲ್ಬಿನ ಸರ ಸುತ್ತಿದ್ದರು. ಸಂಡೂರಿನ ಗುಡ್ಡ ಕಡಿದು ದುಡ್ಡು ಮಾಡಿದವರು, ರೈಸ್ ಮಿಲ್ಲಿನವರು, ಡಾಕ್ಟರುಗಳು, ಕಮಲಾಪುರದ ರೆಸಾರ್ಟುಗಳಿಂದ ಬಂದ ನಾಲ್ಕಾರು ಬಿಳಿಯರು. ಗಾಳಿ ಬಂದಾಗೆಲ್ಲ ಸುಟ್ಟ ಪನೀರಿನ ವಾಸನೆ. ಉಗುರಿನ ಸಂದಿಯ ಗ್ರೀಸನ್ನು ಸೀಮೆಎಣ್ಣೆ ಹಾಕಿ ತಿಕ್ಕಿದ್ದರೂ ಬಲಗೈಯ ಎರಡು ಬೆರಳು ಕರ್ರಗೇ ಇದ್ದವು. ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಪಂಪೇಶ ವೇದಿಕೆಗೆ ಬಂದ. ಒಂದೇ ಓಣಿಯವನು, ಚಿತ್ತವಾಡ್ಗಿಯಲ್ಲಿ ಇವನ ಮನೆಯಿಂದ ನಾಲ್ಕನೇ ಬಾಗಿಲು. ಹೊಳೆಯಾಚೆ ವಿರೂಪಾಪುರ ಗಡ್ಡೆಯ ಗೆಸ್ಟ್‌ಹೌಸುಗಳಿದ್ದ ಕಾಲದಲ್ಲಿ ಅಲ್ಲಿ ಪ್ಲೇಟು ತೊಳೆಯಲು ಹೋಗಿ, ಯಾರೋ ಬಿಟ್ಟುಹೋದ ಗಿಟಾರು ಹಿಡಿದುಕೊಂಡು ಬಂದವನು. ಈಗ ಅವನ ಹಿಂದೆ ಡ್ರಮ್ಮಿನವನು, ದಪ್ಪ ತಂತಿಯ ಗಿಟಾರಿನವನು, ಬಾಯಲ್ಲಿ ಮೌತ್ ಆರ್ಗನ್ ಇಟ್ಟುಕೊಂಡ ಬಳ್ಳಾರಿಯ ಮುದುಕ. ಪಂಪೇಶ ಮೈಕಿನಲ್ಲಿ ನಾಟಕದವರ ಕನ್ನಡ ಮಾತಾಡಿದ. ಬ್ಲೂಸ್ ಎಂದರೆ ಹತ್ತಿ ಹೊಲದಲ್ಲಿ ದುಡಿದ ಕರಿಯರ ಹಾಡು ಎಂದ, ಒಂದು ಸಾಲನ್ನು ಎರಡು ಸಲ ಹೇಳಬೇಕು, ಮೂರನೆಯದು ಅದಕ್ಕೆ ಉತ್ತರ ಕೊಡಬೇಕು, ಅಷ್ಟೇ ಎಂದ. ಜನ ತಲೆ ಆಡಿಸಿದರು. ಅಂಜಿನಿಗೆ ನಗು ಬಂತು. ಇದೇ ಮಾತನ್ನು ಈ ಮಗ ಅಂಗಡಿಯಲ್ಲಿ ಟ್ಯೂಬಿನ ಮೇಲೆ ಕೂತು ಹೇಳಿದ್ದ. 'ಎರಡು ಸಲ ಯಾಕ ಹೇಳಬೇಕಲೇ' ಎಂದು ಕೇಳಿದ್ದಕ್ಕೆ, 'ಮೊದಲನೇ ಸಲ ಹೇಳಿದ್ದನ್ನ ಯಾರು ಕೇಳತಾರ, ನಿಮ್ಮಪ್ಪ ಕೇಳತಿದ್ದನೇನು' ಅಂದಿದ್ದ.

ಅಪ್ಪ ಕೇಳುತ್ತಿದ್ದ. ಅಪ್ಪನದು ಅದೊಂದೇ ಕೆಲಸ. ಗಿಟಾರು ರೈಲಿನ ಹಾಗೆ ಒಂದೇ ಸಮ ಓಡತೊಡಗಿದಾಗ, ಇಂಗ್ಲಿಷಿನ ಆ ಹಾಡಿನಲ್ಲಿ ಯಾವನೋ ಯಾವಳನ್ನೋ ಬಿಟ್ಟು ಹೋಗುತ್ತಿದ್ದಾಗ, ಅಂಜಿನಿಯ ಮೈ ಸ್ಪೀಕರಿನ ಪಕ್ಕ ಗುಡುಗುಡು ನಡುಗಿತು. ಆಗ ಹೊಳೆಯಿತು, ಈ ಜಾಗ ಯಾಕೆ ಗೊತ್ತು ಅನ್ನುವುದು. ಎಡಗಡೆ, ಎಂಜಿನ್ನಿನ ಪಕ್ಕ, ತೊಡೆಯವರೆಗೂ ನಡುಕ. ಕ್ಲೀನರ್ ಸೀಟು. ಒಂಬತ್ತನೇ ಕ್ಲಾಸಿನ ಬೆಂಚಿನಿಂದ ಎದ್ದವನು ಕೂತಿದ್ದು ಅದರ ಮೇಲೆ. ಒಂದು ಬೆಳಿಗ್ಗೆ ಅದಿರು ಲಾರಿಯ ಡ್ರೈವರ್ ಆಗಿದ್ದ ಅಪ್ಪ ಜಂಬಯ್ಯ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಗೋಡೆಯನ್ನು ನೋಡುತ್ತ, 'ಸಾಲಿ ಸಾಕು. ಲಾರಿ ಹತ್ತು' ಎಂದಿದ್ದ. ಅವ್ವ ಒಲೆಯ ಮುಂದೆ ಕೂತಿದ್ದಳು. 'ನೀನಾದ್ರೂ ಹೇಳವ್ವ' ಎಂದು ಅವಳ ಸೆರಗು ಹಿಡಿದು ಜಗ್ಗಿದ್ದ, ಹದಿನಾಲ್ಕು ವರ್ಷದವನು, ಮೀಸೆ ಬರುವ ಹೊತ್ತಿಗೆ ಸೆರಗು ಜಗ್ಗಿದ ನಾಚಿಕೆ ಇನ್ನೂ ಬೆರಳಲ್ಲಿದೆ. ಅವ್ವ ಸೆರಗು ಬಿಡಿಸಿಕೊಂಡು, 'ನಿಮ್ಮಪ್ಪನ ಮಾತಿಗೆ ನಾ ಏನು ಹೇಳಲಪ್ಪ' ಎಂದಳು. ಅಪ್ಪ ಅವಳ ಕಡೆ ಒಂದು ಸಲ ನೋಡಿದ. ಅದು ಹೆದರಿಸುವ ನೋಟ ಎಂದೇ ಅಂಜಿನಿ ಇಷ್ಟು ವರ್ಷ ತಿಳಿದುಕೊಂಡಿದ್ದ. ಲಾರಿಯಲ್ಲಿ ಅಪ್ಪನ ಮಾತು ಒಂದೇ, ಹೊತ್ತು ಇಳಿಯಿತೆಂದರೆ ಶುರು. 'ಮುಂದೇನೈತಿ ಹೇಳಲೇ.' ಎತ್ತಿನ ಗಾಡಿ. 'ಆಮ್ಯಾಲೆ?' ಮೋಟು ಸೇತುವೆ. 'ಎಷ್ಟು ದೂರ?' ನಿನಗ ಕಾಣಂಗಿಲ್ಲೇನು ಎಂದರೆ, 'ಕ್ಲೀನರ್ ತೂಕಡಿಸಿದರ ಡ್ರೈವರಗೂ ನಿದ್ದಿ ಬರತೈತಿ, ಬಾಯಿ ಆಡಿಸತಿರು' ಎನ್ನುತ್ತಿದ್ದ. ನಾಯಿ. ಸೈಕಲ್ಲು, ಲೈಟಿಲ್ಲ. ಎದುರಿಗೆ ಲಾರಿ, ಲೈಟು ಡಿಮ್ ಮಾಡವಲ್ಲ. ಕಂಡದ್ದನ್ನೆಲ್ಲ ಎರಡೆರಡು ಸಲ ಹೇಳಿಸುತ್ತಿದ್ದ. ಬೇರೆ ಲಾರಿಯ ಕ್ಲೀನರುಗಳು, 'ಅಂಜಿನಿ ಕಾಮೆಂಟ್ರಿ ಹೇಳಪಾ' ಎಂದು ಆಡಿಕೊಳ್ಳುತ್ತಿದ್ದರು.

ಚಪ್ಪಾಳೆ. ಹಾಡು ಮುಗಿದಿತ್ತು. ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು, ಡಾಕ್ಟರ್ ಶೈಲಜಾ ಎಂದು ಯಾರೋ ಕರೆದಿದ್ದರು, ಇವನ ಕಡೆ ಬಾಗಿ, 'ನೀವು ಆರ್ಟಿಸ್ಟ್ ಕಡೆಯವರಾ?' ಎಂದಳು. ಹೌದು ಎಂದ. 'ನೀವೂ ಏನಾದ್ರೂ ನುಡಿಸ್ತೀರಾ?' ಇಲ್ಲ ಎಂದ. ಮತ್ತೇನು ಮಾಡುತ್ತೀರಿ ಎಂದು ಕೇಳುವ ಮೊದಲೇ ವೇದಿಕೆಯ ಕಡೆ ತಿರುಗಿಬಿಟ್ಟ. ಟೈರು ಎಂದು ಹೇಳಲು ನಾಚಿಕೆಯಿಲ್ಲ. ಹೇಳಿದ ಮೇಲೆ ಅವರ ಮುಖದಲ್ಲಿ ಬರುವ ಆ ಮರ್ಯಾದೆಯ ನಗು ಬೇಡ. ಹೀಗೆ ನುಂಗಿಕೊಂಡ ಮಾತು ಎಷ್ಟೋ ಇದ್ದವು, ಅವನ್ನೆಲ್ಲ ಪಾಪಿನಾಯಕನಹಳ್ಳಿಯ ಚಹಾದಂಗಡಿ ಮುಂದೆ ಒಂದು ಸಂಜೆ ಅಪ್ಪನ ಮೇಲೆ ಒಮ್ಮೆಲೇ ಉಗುಳಿದ್ದ. ಕಾಲೇಜಿನ ಬಸ್ಸು ನಿಂತಿತ್ತು, ಜೊತೆಗೆ ಓದಿದವರು ಕಿಟಕಿಯಿಂದ ಕೈ ಬೀಸಿದ್ದರು, ಕೆಂಪು ಮಣ್ಣಿನಲ್ಲಿ ಮಿಂದ ಇವನ ತಲೆ ನೋಡಿ ಒಬ್ಬಳು ಬಾಯಿಗೆ ಕೈ ಇಟ್ಟಿದ್ದಳು. ಇವನು ಲಾರಿ ಹತ್ತಲಿಲ್ಲ. ಸಾಲಿ ಬಿಡಿಸಿದಿ, ನನ್ನ ಬಾಳು ತಿಂದಿ, ನಿನ್ನ ಲಾರಿ ನೀನ ಹೊಡಕೋ ಎಂದು ಎಲ್ಲರ ಮುಂದೆ ಒದರಿದ್ದ. ಅಪ್ಪ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದ. 'ಊರು ಮುಟ್ಟೋ ತನಕ ಬಾರಪಾ. ಆಮ್ಯಾಲೆ ಇಳಿ' ಎಂದಿದ್ದ. ಅಪಾ ಎಂದಿದ್ದ, ಲೇ ಅಂದಿರಲಿಲ್ಲ. ಇವನು ಬಸ್ಸು ಹತ್ತಿ ಬಂದಿದ್ದ. ಮರುದಿನ ಚಹಾದಂಗಡಿಯವನು ಫೋನು ಮಾಡಿ, 'ಏನಪ್ಪಾ, ನಿಮ್ಮಪ್ಪ ಬೆಳಗಾಗೋ ತನಕ ಅಲ್ಲೇ ಲಾರಿ ನಿಂದ್ರಿಸಿಕೊಂಡು ಕುಂತಿದ್ದ' ಎಂದಾಗ, ಮುದುಕನಿಗೆ ಎಷ್ಟು ಹಟ ನೋಡು, ನಾ ತಿರುಗಿ ಬರತೀನಂತ ಕಾಯಾಕ ಹತ್ಯಾನ ಎಂದು ಇವನು ಖುಷಿಪಟ್ಟಿದ್ದ.

ಆಮೇಲೆ ಅಪ್ಪ ಹಗಲು ಟ್ರಿಪ್ಪಿಗೆ ಮಾತ್ರ ಹೋಗತೊಡಗಿದ. ಮೂರು ವರ್ಷದ ಹಿಂದೆ ಒಂದು ದಿನ ಗಣಿಯಲ್ಲಿ ಲೋಡು ತಡವಾಯಿತು. ಸಂಡೂರಿನ ತಿರುವಿನಲ್ಲಿ, ಇನ್ನೂ ಆಕಾಶದಲ್ಲಿ ಕೆಂಪಿರುವಾಗಲೇ, ತಿರುಗಬೇಕಾದ ಕಡೆ ತಿರುಗದೆ ಲಾರಿ ನೆಟ್ಟಗೆ ಕಂದಕಕ್ಕೆ ಹೋಯಿತು. ಬ್ರೇಕು ಹೋಗಿತ್ತೆಂದರು. ಕುಡಿದಿದ್ದ ಎಂದರು. ಕುಡಿಯದ ಮನುಷ್ಯ.

'ಈಗ ನಮ್ಮೂರಿನ ಬ್ಲೂಸ್' ಎಂದ ಪಂಪೇಶ. ಡ್ರಮ್ಮಿನವನು ಕೋಲು ಕೆಳಗಿಟ್ಟ. 'ನಮ್ಮ ಕಡೆ ಮನಿಯಾಗ ಯಾರರ ಹೋದರ ಹೆಣ್ಣುಮಕ್ಕಳು ಸುಮ್ಮನ ಅಳಂಗಿಲ್ರಿ, ಹಾಡಿಕೊಂಡು ಅಳತಾರ. ಹೋದವರ ಜೋಡಿ ಮಾತಾಡತಾರ. ಹೇಳೋದು ಉಳಿದಿದ್ದರ ಆವತ್ತೇ ಹೇಳಬೇಕು. ಒಂದು ಸಾಲು ಎರಡು ಸಲ. ಇದು ನಮ್ಮ ಓಣಿಯ ಒಬ್ಬ ತಾಯಿ ಹಾಡಿದ್ದು.' ಅಂಜಿನಿಯ ಬೆನ್ನು ಕುರ್ಚಿಯಿಂದ ಎದ್ದಿತು. ಸಾವಿನ ಮನೆಯ ಹಾಡನ್ನು ಮತ್ತೆ ಯಾರೂ ಹಾಡುವುದಿಲ್ಲ, ಇವನು ಚಿಕ್ಕವನಿದ್ದಾಗ ಬಾಯಿ ತಪ್ಪಿ ಗುನುಗಿದ್ದಕ್ಕೆ ಅವ್ವ ಬಾಯ ಮೇಲೆ ಹೊಡೆದಿದ್ದಳು. ಇಡೀ ಸಂಜೆ ಕಣ್ಣು ಮುಚ್ಚಿಕೊಂಡು ಹಾಡಿದವನು ಈಗ ಕಣ್ಣು ತೆರೆದು, ಎರಡನೇ ಸಾಲಿನ ನಡುವಿನ ಕುರ್ಚಿಯನ್ನು ನೋಡಿ ಹಾಡಿದ. ಅಲ್ಲಿ ಯಾವನೋ ದಪ್ಪಗಿನ ಸಾಹುಕಾರ ಕೂತಿದ್ದ. ಸಾಹುಕಾರ ತಲೆದೂಗಿದ.

ಹೊತ್ತು ಮುಳುಗಿದರ ನಿನಗ ದಾರಿ ಕಾಣದೋ ನನ ದೊರಿಯೇ,
ಹೊತ್ತು ಮುಳುಗಿದರ ನಿನಗ ದಾರಿ ಕಾಣದೋ ನನ ದೊರಿಯೇ,
ಒಂದು ಕಣ್ಣು ನಿನಗಿತ್ತು, ಒಂದು ಕಣ್ಣು ನಾ ಕೊಟ್ಟೆ.

ಮೊದಲು ಧ್ವನಿ ಗುರುತು ಹತ್ತಿತು. ಪಂಪೇಶನ ಗಂಟಲಲ್ಲಿ ಅವ್ವ ಉಚ್ಚೆಂಗಮ್ಮ ಇದ್ದಳು. 'ದೊರಿಯೇ' ಎನ್ನುವಲ್ಲಿ ಅವಳು ಉಸಿರು ಹಿಡಿಯುವ ರೀತಿ, ಸಾಲಿನ ಕೊನೆಯನ್ನು ನುಂಗುವ ರೀತಿ. ಮಾತು ಆಮೇಲೆ ಬಂದು ತಾಗಿತು. ಅಪ್ಪನ ಹೆಣ ಅಂಗಳದಲ್ಲಿದ್ದಾಗ ಇವನು ಅಲ್ಲಿರಲಿಲ್ಲ, ಕುಣಿ ತೋಡಿಸುವ ನೆಪ ಮಾಡಿಕೊಂಡು ಊರ ಹೊರಗೆ ಹೋಗಿ ಗುದ್ದಲಿ ತಾನೇ ಕಸಿದುಕೊಂಡು ಅಗೆದಿದ್ದ, ಆ ಮುಖ ನೋಡಬಾರದೆಂದು. ಅವ್ವನ ಕೂಗು ಅಲ್ಲಿಯವರೆಗೆ ಬರಲಿಲ್ಲ. ಪಂಪೇಶ ಬಾಗಿಲಲ್ಲಿ ನಿಂತು ಹೆಂಗಸರಿಗೆ ನೀರು ಕೊಡುತ್ತಿದ್ದ.

ಸಾಲಿಯಾಗ ಕುಂತ ಕೂಸಿನ್ನ ಕೈ ಹಿಡಿದು ಎಬ್ಬಿಸಿದೆ,
ಸಾಲಿಯಾಗ ಕುಂತ ಕೂಸಿನ್ನ ಕೈ ಹಿಡಿದು ಎಬ್ಬಿಸಿದೆ,
ಬೈಗುಳ ನೀ ಹೊತ್ತಿ, ನಾ ಬಾಯಿ ಹೊಲಕೊಂಡೆ.

ನಾ ಕೊಟ್ಟ ಕಣ್ಣು ನಡುದಾರ್ಯಾಗ ಇಳಿದು ಹೋತೋ ನನ ದೊರಿಯೇ...

ಇದಕ್ಕೆ ಮೂರನೇ ಸಾಲು ಇರಲಿಲ್ಲ. ಎರಡು ಸಲ ಹೇಳಿ ಪಂಪೇಶ ಬಿಟ್ಟುಬಿಟ್ಟ. ಬಳ್ಳಾರಿಯ ಮುದುಕ ಮೌತ್ ಆರ್ಗನ್ನಿನಲ್ಲಿ ಒಂದೇ ಉಸಿರನ್ನು ಎಳೆದ. ಅಂಜಿನಿಗೆ ಉಕ್ಕಿ ಬಂತು. ಅದು ಅಳು ಅಲ್ಲ. ಅದು ಲೆಕ್ಕ ತಪ್ಪಿದವನ ಸಿಟ್ಟು. ಅವಳು. ಸಾಲಿ ಬಿಡಿಸಿದ್ದು ಅಪ್ಪನಲ್ಲ, ಅವ್ವ. ಆ ಬೆಳಿಗ್ಗೆ ಅಪ್ಪ ಅವಳನ್ನು ನೋಡಿದ ನೋಟ ಬೆದರಿಕೆಯದಲ್ಲ, ನೀನೇ ಹೇಳು ಎನ್ನುವುದು. ಗೋಡೆ ನೋಡಿ ಆಡಿದ್ದು ಅವಳು ಹೇಳಿಕೊಟ್ಟ ಮಾತು. ಎತ್ತಿನ ಗಾಡಿ, ಮೋಟು ಸೇತುವೆ, ನಾಯಿ, ಎಲ್ಲವೂ ಎಂಜಿನ್ನಿನ ಸದ್ದಿನ ಜೊತೆ ತಲೆಯೊಳಗೆ ನುಗ್ಗಿ ಬಂದವು, ಇವನು ಒಂದೊಂದನ್ನೇ ಕೂಗಿ ಕೂಗಿ ಆ ಲಾರಿಯನ್ನು ಊರಿಗೆ ತರುತ್ತಿದ್ದನೆಂದು ಯಾರೂ ಇವನಿಗೆ ಹೇಳಿರಲಿಲ್ಲ. ಹೇಳಿದ್ದರೆ ಇಳಿಯುತ್ತಿದ್ದನೇ. ಪಾಪಿನಾಯಕನಹಳ್ಳಿಯಲ್ಲಿ ಬೆಳಗಿನವರೆಗೆ ಕೂತಿದ್ದು ಹಟವಲ್ಲ. ಕಾಣುತ್ತಿರಲಿಲ್ಲ. ಬೆಳಕಿಗಾಗಿ ಕೂತಿದ್ದ. ಆ ಮನುಷ್ಯ ರಾತ್ರಿಯಿಡೀ ಬೆಳಕಿಗಾಗಿ ಕೂತಿದ್ದ, ಇವನು ಮನೆಯಲ್ಲಿ ಎರಡು ರೊಟ್ಟಿ ಜಾಸ್ತಿ ತಿಂದು ಮಲಗಿದ್ದ, ಬಡಿಸಿದವಳು ಅವಳು. ಗೊತ್ತಿದ್ದೂ ಬಡಿಸಿದಳು.

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಶೈಲಜಾ ತನ್ನ ಮುಂಗೈಯನ್ನು ಇವನ ಮುಖದ ಹತ್ತಿರ ಹಿಡಿದಳು. 'ನೋಡ್ರಿ, ಹೇಗೆ ಮುಳ್ಳೆದ್ದಿವೆ. ನಮಗೆ ಈ ಭಾಷೆ ಅರ್ಧ ತಿಳಿಯಲ್ಲ, ಆದರೂ ಏನು ಫೀಲಿಂಗ್. ಆ ಇಳಿದು ಹೋದ ಕಣ್ಣು ಅಂದರೆ ಏನು, ದೇವರಾ?'

'ಅಲ್ರಿ' ಎಂದ ಅಂಜಿನಿ. 'ಕ್ಲೀನರ್.'

ಅವಳು ನಕ್ಕಳು, ತಮಾಷೆ ಇರಬೇಕೆಂದು.

ಕ್ಲಬ್ಬಿನ ಅಡುಗೆಮನೆಯ ಹಿಂದೆ, ಖಾಲಿ ಬಾಟಲಿಗಳ ಕ್ರೇಟುಗಳ ಮಧ್ಯೆ ಪಂಪೇಶ ಸಿಕ್ಕಿದ. ಅಂಜಿನಿ ಅವನ ಅಂಗಿಯ ಕೊರಳು ಹಿಡಿದು ಗೋಡೆಗೆ ಒತ್ತಿದ. ಕುತ್ತಿಗೆಯಲ್ಲಿದ್ದ ಗಿಟಾರು ಇಬ್ಬರ ನಡುವೆ ಸಿಕ್ಕಿಕೊಂಡು ಅಪಸ್ವರ ಕೂಗಿತು.

'ಹೊಡಿ' ಎಂದ ಪಂಪೇಶ. 'ಗಿಟಾರಿಗೆ ಬ್ಯಾಡ, ಹೊಸದೈತಿ, ಕಂತು ಇನ್ನೂ ಮುಗಿದಿಲ್ಲ. ಮಾರಿಗೆ ಹೊಡಿ.'

'ಹೆಣದ ಮುಂದಿನ ಹಾಡು ಮಾರಾಕ ಹತ್ತೀಯೇನಲೇ ಸೂಳೆಮಗನ.'

'ನಾ ಮಾರಿಲ್ಲ. ನಿಮ್ಮವ್ವ ಹಾಡು ಅಂದಾಳ.'

ಕೈ ಸಡಿಲಾಗಲಿಲ್ಲ. ಸಡಿಲಾಗುವಂತೆ ಅನ್ನಿಸಿ ಇನ್ನೂ ಬಿಗಿಹಿಡಿದ.

'ಸುಳ್ಳು.'

'ಆವತ್ತು ಬಾಗಿಲದಾಗ ನಿಂತು ಕೇಳಿದ್ದು ನನ್ನ ತಲಿಯಾಗಿಂದ ಹೋಗಿರಲಿಲ್ಲೋ. ಹಾಡಲೇನವ್ವ ಅಂತ ಕೇಳಾಕ ಹೋದೆ. ಬೈತಾಳ ಅಂತ ಮಾಡಿದ್ದೆ. ಬಾಗಿಲು ಹಾಕಿ ಕುಂದ್ರಿಸಿ, ಪೂರ್ತಿ ಹಾಡಿ ತೋರಿಸಿದಳು. ನಾ ತಪ್ಪಿದಲ್ಲಿ ತಿದ್ದಿದಳು. ನೀ ಅಂಗಡಿಗೆ ಹೋದ ಮ್ಯಾಲೆ ದಿನಾ ಹೋಗತಿದ್ದೆ.' ಉಸಿರು ಎಳೆದುಕೊಂಡ. 'ನನ್ನ ಬಾಯಿಲೆ ಮಗನ ಮುಂದ ಬರವಲ್ಲದು, ನಿನ್ನ ಬಾಯಿಲೆ ಅವ ಕೇಳಲಿ ಅಂದಳು. ನಾಕು ಮಂದಿ ನಡುವ ಇದ್ದರ ಅವ ಕೈ ಎತ್ತಂಗಿಲ್ಲ ಅಂದಳು.'

ಮನೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ದಿನ ತೆಳ್ಳಗಿನ, ಮೂರು ಮೂಲೆಯ ಪ್ಲಾಸ್ಟಿಕ್ ತುಂಡು ಬಿದ್ದಿತ್ತು. ಇದೇನವ್ವ ಎಂದಿದ್ದ. ಯಾವುದೋ ಗುಂಡಿ ಇರಬೇಕು ಎಂದಿದ್ದಳು. ಅದರಲ್ಲೇ ಇವನು ಉಗುರಿನ ಗ್ರೀಸು ಕೆರೆದುಕೊಂಡಿದ್ದ. ಗಿಟಾರಿನ ತಂತಿ ಮೀಟುವ ತುಂಡು ಅದು. ಈಗ ಪಂಪೇಶನ ಬೆರಳ ಸಂದಿಯಲ್ಲಿ ಅಂಥದ್ದೇ ಇನ್ನೊಂದು.

'ನಿನಗ ಮೂರು ವರ್ಷದಿಂದ ಗೊತ್ತಿತ್ತು.'

'ಓಣಿ ಹೆಂಗಸರಿಗೆಲ್ಲ ಗೊತ್ತೈತೋ. ಎಲ್ಲರ ಮುಂದ ಹಾಡಿದಳಲ್ಲ.'

'ನನ್ನ ಜೋಡಿ ಅಂಗಡ್ಯಾಗ ಕುಂತು, ನಮ್ಮಪ್ಪನ್ನ ನಾ ಬೈಯೋದು ಕೇಳಿಕೋತ ಚಹಾ ಕುಡಿದಿ.'

ಪಂಪೇಶ ನಡುವೆ ಸಿಕ್ಕಿಕೊಂಡ ಗಿಟಾರನ್ನು ಬದಿಗೆ ಸರಿಸಿದ. 'ಹಾಡು ಹ್ಯಾಂಗಿತ್ತು?' ಎಂದು ಕೇಳಿಬಿಟ್ಟ. ಕೇಳಬಾರದಿತ್ತೆಂದು ಅವನಿಗೇ ಗೊತ್ತಾಗಿ ಬಾಯಿ ಕಚ್ಚಿಕೊಂಡ. ಅಂಜಿನಿ ಹೊಡೆಯಲಿಲ್ಲ. ಕೊರಳ ಪಟ್ಟಿ ಬಿಟ್ಟು, ಮಣಿಕಟ್ಟಿನ ಕಾಗದದ ಪಟ್ಟಿಯನ್ನು ಹರಿಯಲು ನೋಡಿದ. ಹರಿಯಲಿಲ್ಲ, ಎಂಥದೋ ಹರಿಯದ ಕಾಗದ. ಹಾಗೇ ಕಟ್ಟಿಕೊಂಡು ಹೊರಗೆ ಬಂದ. 'ಮುಗೀತೇನಪಾ ಇಷ್ಟು ಜಲ್ದಿ' ಎಂದ ವಾಚ್‌ಮನ್.

ಬೈಕಿನ ಹೆಡ್‌ಲೈಟು ಕಾಲುವೆ ದಂಡೆಯ ರಸ್ತೆಯ ಮೇಲೆ ಬಿದ್ದಷ್ಟೂ ಬಾಯಿ ತಾನಾಗಿ ಶುರುವಾಯಿತು. ಗುಂಡಿ. ಎಮ್ಮೆ. ಕಬ್ಬಿನ ಟ್ರ್ಯಾಕ್ಟರು, ಹಿಂದ ಲೈಟಿಲ್ಲ. ತನಗೇ ಕೇಳಿಸಿದಾಗ ಹಲ್ಲು ಕಚ್ಚಿ ನಿಲ್ಲಿಸಿದ. ಯಾರಿಗೆ ಹೇಳುತ್ತಿದ್ದಾನೆ. ಲಾರಿಯಲ್ಲಿ ನಾಲ್ಕು ವರ್ಷ ಸತ್ಯವನ್ನೇ ಹೇಳುತ್ತ ಕೂತಿದ್ದ, ಇದ್ದದ್ದು ಇದ್ದ ಹಾಗೆ, ಇಷ್ಟು ದೂರ, ಇಂಥ ಕಡೆ ಎಂದು. ತನಗೆ ಮಾತ್ರ ಯಾರೂ ಮುಂದೆ ಇರುವುದನ್ನು ಹೇಳಲಿಲ್ಲ. ಅಪ್ಪ ಸತ್ತ ಮೇಲೂ ಅವನನ್ನು ಬೈದಿದ್ದ. ತಿಥಿಯ ದಿನ ಅವ್ವ ಫೋಟೋಕ್ಕೆ ಹಾರ ಹಾಕು ಎಂದಾಗ, ನೀನ ಹಾಕು, ನನ್ನ ಕೈಯಾಗ ಗ್ರೀಸೈತಿ ಎಂದಿದ್ದ. ಆಗಲೂ ಅವಳು ಬಾಯಿ ಬಿಡಲಿಲ್ಲ. ಹಾರ ತಾನೇ ಹಾಕಿದಳು.

ಮನೆಯ ಬಾಗಿಲು ತೆರೆದೇ ಇತ್ತು. ಅವ್ವ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಳು. ಅವನು ಹಬ್ಬಕ್ಕೆ ಕೊಡಿಸಿದ ಸೀರೆ ಉಟ್ಟಿದ್ದಳು, ಹೊರಗೆ ಹೊರಟವಳ ಹಾಗೆ. ಹೊರಟು ಹೊರಡದೆ ಕೂತುಬಿಟ್ಟಿದ್ದಳೇನೋ. ಅಂಜಿನಿ ಬೂಟು ಕಳಚಿ ನಡುಮನೆಯಲ್ಲೇ ಬಿಟ್ಟು, ಎದುರಿನ ಗೋಡೆಗೆ ಒರಗಿ ಕೂತ. ಟೀವಿ ಬಂದ್ ಇತ್ತು. ಫೋಟೋದ ಮುಂದಿನ ಸಣ್ಣ ಬಲ್ಬೊಂದೇ ಉರಿಯುತ್ತಿತ್ತು.

'ಉಂಡಿಯೇನಪಾ?'

'ಇಲ್ಲ.'

'ಪೂರಾ ಹಾಡಿದನೇನು?'

'ಹೂಂ.'

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಇವನು ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದ ಮಾತುಗಳು, ಅವಳನ್ನು ಗೋಡೆಗೆ ಒತ್ತಿ ಹಿಡಿಯುವಂಥವು, ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆಯದೇ.

'ಯಾವ ಕಣ್ಣು? ಎಡಗಡೀದೋ, ಬಲಗಡೀದೋ?'

ಅವ್ವ ಫೋಟೋ ನೋಡಿದಳು. ಅಪ್ಪ ಅದರಲ್ಲಿ ಎರಡು ಕಣ್ಣನ್ನೂ ಅಗಲ ತೆರೆದು, ಕ್ಯಾಮೆರಾದವನು ಎಲ್ಲಿದ್ದಾನೆಂದು ಹುಡುಕುವವನ ಹಾಗೆ ನೋಡುತ್ತಿದ್ದ.

'ಎರಡೂ' ಎಂದಳು.

'ಹಾಡಿನಾಗ ಒಂದು ಅಂತ ಐತಿ.'

'ಹಾಡಿನಾಗ ಎರಡು ಅಂತ ಹ್ಯಾಂಗ ಅನ್ನಲಿ. ಹೆಂಗಸರೆಲ್ಲ ಕುಂತಿದ್ದರು.' ಬೆರಳಿನ ಸೆರಗು ಬಿಚ್ಚಿ ಮತ್ತೆ ಸುತ್ತಿದಳು. 'ಹೆತ್ತ ಮಗನ್ನ ಕುರುಡನ ಬಾಜೂಕ ಕುಂದ್ರಿಸಿ ಕಳಿಸಿದಳು ಅಂತಿದ್ದರು. ಹೊತ್ತು ಮುಳುಗಿದರ ಅವಂಗ ಏನೂ ಕಾಣತಿರಲಿಲ್ಲಪ. ಕೆಲಸ ಬಿಡು ಅಂದರ ಬಿಡಲಿಲ್ಲ. ಗೊತ್ತಾದರ ಮಾಲಕ ಬ್ಯಾರೆ ಡ್ರೈವರನ್ನ ಹಾಕತಾನ ಅಂದ. ನಿನ್ನ ಕಣ್ಣು ಚೊಲೋ ಇದ್ದವು.'

ನಿನ್ನ ಕಣ್ಣು ಚೊಲೋ ಇದ್ದವು. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದವಳ ಹಾಗೆ ಹೇಳಿದಳು ಎಂದು ಅಂಜಿನಿಗೆ ಅನ್ನಿಸಿತು, ಹಾಗೆ ಹೇಳಿರಲಿಲ್ಲವೆಂದೂ ಗೊತ್ತಿತ್ತು. ದರೋಜಿಯ ಹತ್ತಿರ ಒಂದು ಸಲ ಕರಡಿ ಅಡ್ಡ ಬಂದಾಗ, 'ಕರಡಿ, ಕರಡಿ' ಎಂದು ಕೂಗಿದ ಮೇಲೂ ಲಾರಿ ಒಂದು ಮಾರು ಮುಂದೆ ಹೋಗಿ ನಿಂತಿತ್ತು. ಅಪ್ಪ ಇವನ ತೊಡೆಯ ಮೇಲೆ ಕೈ ಇಟ್ಟು, 'ಎಲ್ಲೈತಿ, ಎಲ್ಲೈತಿ' ಎಂದಿದ್ದ. ಎದುರಿಗೇ, ಹೆಡ್‌ಲೈಟಿನ ನಡುವೆ ನಿಂತಿತ್ತು ಅದು.  ಅಷ್ಟೂ ರಾತ್ರಿ ಈ ಹೆಂಗಸು ಇದೇ ಗೋಡೆಗೆ ಒರಗಿ ಕೂತು, ಎರಡೂ ಕಣ್ಣುಗಳನ್ನು ಕಳಿಸಿ, ಎರಡೂ ಬರುತ್ತವೋ ಇಲ್ಲವೋ ಎಂದು ಕಾಯುತ್ತಿದ್ದಳು. ಹೆಣದ ಮುಂದೆ ಕೂಡ, ಎಲ್ಲ ಹೇಳಿಬಿಡಬೇಕಾದ ದಿನ ಕೂಡ, ಅರ್ಧ ಉಳಿಸಿಕೊಂಡಳು.

'ತಾಟು ತರತೀನಿ' ಎಂದು ಎದ್ದಳು. ಒಳಗೆ ಪಾತ್ರೆಯ ಸದ್ದು. ಬಲಗೈಯಲ್ಲಿ ತಾಟು, ಎಡಗೈಯಲ್ಲಿ ತುಂಬಿದ ನೀರಿನ ಚಂಬು ಹಿಡಿದುಕೊಂಡು, ಫೋಟೋದ ಬಲ್ಬಿಗೆ ಬೆನ್ನು ಮಾಡಿ ಕತ್ತಲಲ್ಲಿ ಬಂದಳು. ಅವನ ಬೂಟು ಅವಳ ದಾರಿಗೆ ಅಡ್ಡ ಬಿದ್ದಿತ್ತು, ಒಂದು ಮಗುಚಿಕೊಂಡು. ಎರಡು ಹೆಜ್ಜೆ ಇತ್ತು. ನಾಲಿಗೆ ಹಳೆಯ ರೂಢಿಯಲ್ಲಿ ಮೇಲೆದ್ದು ಹಲ್ಲಿನ ಹಿಂದೆ ಬಂದು ನಿಂತಿತು. ಅವಳು ಒಂದು ಗಳಿಗೆ ನಿಂತಳು, ಕಾಲ ಕೆಳಗೆ ನೋಡಲಿಲ್ಲ, ಅವನ ಬಾಯಿಯನ್ನು ನೋಡಿದಳು.

ಅಂಜಿನಿ ಹೇಳಲಿಲ್ಲ.

ಚಂಬು ಉರುಳಿ ಗೋಡೆಯವರೆಗೂ ಹೋಯಿತು. ತಾಟನ್ನು ಮಾತ್ರ ಬಿಡದೆ ಹಿಡಿದುಕೊಂಡು, ಮೊಣಕಾಲಿನ ಮೇಲೆ ಬಿದ್ದವಳು ಹಾಗೇ ಅದನ್ನು ಅವನ ಮುಂದೆ ಸರಿಸಿದಳು. ಆಮೇಲೆ ಸೆರಗಿನಿಂದ ನೀರು ಒರೆಸತೊಡಗಿದಳು, ಅವನು ಕೂತಿದ್ದ ಕಡೆಯಿಂದ ಶುರು ಮಾಡಿ.